ಸಾಗಣೆ ವೆಚ್ಚದ ಅರ್ಧ ಪಾಲು

ಆ ಪೆಟ್ಟಿಗೆ ನೋಡಲು ಚಪ್ಪಲಿ ಡಬ್ಬಿಗಿಂತ ಚಿಕ್ಕದು. ಬಾಗಿಲ ಮುಂದೆ ಬಿದ್ದಿದ್ದ ಅದನ್ನು ಒಳಗಿಡೋಣವೆಂದು ಬಗ್ಗಿ ಒಂದು ಕೈಯಲ್ಲಿ ಎತ್ತಿದರೆ ಮೇಲೇಳಲಿಲ್ಲ. ಎರಡೂ ಕೈ ಹಾಕಿ ಎತ್ತಿದಾಗ ಸೊಂಟದಲ್ಲಿ ಏನೋ ಕಳಕ್ ಅಂದಿತು. ಸ್ಯಾನ್ ಹೊಸೆಯ ಆ ಮನೆಗೆ ನಾವು ಬಂದು ಇನ್ನೂ ಒಂದು ವಾರ ಆಗಿರಲಿಲ್ಲ. ಚೀಟಿಯ ಮೇಲಿದ್ದ ಹೆಸರು ನಮ್ಮದಲ್ಲ, ಪಕ್ಕದ ಮನೆಯವರದು. ಅದೂ ಅಪ್ಪಟ ಉಡುಪಿ ಕಡೆಯ ಹೆಸರು. ಊರಿಂದ ಯಾರೋ ಪಂಚಲೋಹದ ವಿಗ್ರಹ ಕಳಿಸಿರಬೇಕು ಅಂದುಕೊಂಡೆ. ಕಾಲಿನ ಚಪ್ಪಲಿ ಬಿಟ್ಟು, ಪೆಟ್ಟಿಗೆಯನ್ನು ಭಕ್ತಿಯಿಂದ ಎದೆಗೆ ಅವಚಿಕೊಂಡು ಹೋಗಿ ಅವರ ಬಾಗಿಲು ಒದ್ದೆ. ತಟ್ಟಲು ಕೈ ಖಾಲಿ ಇರಲಿಲ್ಲ.

ಬಾಗಿಲು ತೆಗೆದವರಿಗೆ ಅರವತ್ತು ದಾಟಿತ್ತು. ಉಟ್ಟದ್ದು ಬಿಳಿ ಪಂಚೆ, ತೊಟ್ಟದ್ದು ಬನಿಯನ್ನು, ಕುತ್ತಿಗೆಯಲ್ಲಿ ದಾರ ಕಟ್ಟಿದ ಕನ್ನಡಕ. ನನ್ನನ್ನು ನೋಡುವ ಮೊದಲು ಪೆಟ್ಟಿಗೆಯನ್ನು ನೋಡಿದರು.

"ಓ, ಬಂತಾ? ನೀನೆಂತಕ್ಕೆ ಎತ್ತಿದ್ದು ಮಾರಾಯ್ತಿ, ಸೊಂಟ ಹೋಗ್ತದೆ. ಅದು ಸೀಸ."

"ಸೀಸಾನಾ?"

"ಗುಂಡು. ಕೋವಿಯ ಗುಂಡು. ಹೆದರಬೇಡ, ಮದ್ದು ಬೇರೆ ಪೆಟ್ಟಿಗೆಯಲ್ಲಿ ಬರ್ತದೆ." ಆಮೇಲೆ ದನಿ ತಗ್ಗಿಸಿ, ಮನೆಯ ಗುಟ್ಟು ಹೇಳುವವರ ಹಾಗೆ ಕೇಳಿದರು: "ಇದಕ್ಕೆ ಶಿಪ್ಪಿಂಗ್ ಎಷ್ಟು ಹಾಕಿದ್ದಾರೆ ಗೊತ್ತುಂಟಾ ನಿನಗೆ? ಒಳಗೆ ಬಾ, ತೋರಿಸ್ತೇನೆ."

ನಮ್ಮ ಪರಿಚಯ ಆದದ್ದು ಹೀಗೆ. ನನ್ನ ಹೆಸರನ್ನು ಅವರು ಕೇಳಿದ್ದು ಅದಾಗಿ ಹತ್ತು ನಿಮಿಷಕ್ಕೆ. ಕೆಲಸ ಏನೆಂದು ಕೇಳಿದ್ದು ಇನ್ನೂ ಐದು ನಿಮಿಷಕ್ಕೆ. ಆ ಎರಡನೆಯ ಪ್ರಶ್ನೆಗೆ ನಿಜ ಹೇಳಿದ್ದು ನನ್ನ ತಪ್ಪು. ಅಂಗಡಿಯವರು ಕಳಿಸುವ ಸಾಮಾನಿಗೆ ಸಾಗಣೆ ದರ ಎಷ್ಟು ಬೀಳುತ್ತದೆಂದು ಲೆಕ್ಕ ಹಾಕುವ ಸಾಫ್ಟ್‌ವೇರ್ ಬರೆಯುವ ಕಂಪನಿಯಲ್ಲಿ ನಾನಿದ್ದೆ. ಇದನ್ನು ಕೇಳಿದ ಅವರ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಮೊದಲು ತಪ್ಪಾಗಿ ಗೌರವ ಅಂದುಕೊಂಡೆ. ಅದು ಕಳ್ಳ ಕೈಗೆ ಸಿಕ್ಕ ಸಂತೋಷ.

ಅವರು ಚಿಪ್ ಕಂಪನಿಯೊಂದರಲ್ಲಿ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದು ನಿವೃತ್ತರಾದವರು. ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಮನೆಯಲ್ಲಿ ಜೇಡ ಕಂಡರೆ ಲೋಟ ಬೋರಲು ಹಾಕಿ, ಕೆಳಗೊಂದು ಪೋಸ್ಟ್‌ಕಾರ್ಡ್ ತೂರಿಸಿ, ಹಿತ್ತಲಿನ ನಿಂಬೆ ಗಿಡಕ್ಕೆ ಬಿಟ್ಟು ಬರುವವರು. ಇಂಥವರಿಗೆ ಗುರಿ ಹೊಡೆಯುವ ಹುಚ್ಚು ಹತ್ತಿಸಿದ್ದು ಯಾರೋ ಸಹೋದ್ಯೋಗಿ. ಒಂದು ಶನಿವಾರ ಸುಮ್ಮನೆ ನೋಡಲು ಕರೆದುಕೊಂಡು ಹೋಗಿದ್ದನಂತೆ. "ಕಾಗದ ಬಿಟ್ಟು ಬೇರೆ ಯಾವುದಕ್ಕೂ ನಾನು ಈವರೆಗೆ ಹೊಡೆದದ್ದಿಲ್ಲ," ಎನ್ನುತ್ತಿದ್ದರು. ಕೋವಿ ಹಿಡಿದು ನಿಂತಾಗ ತಲೆಯೊಳಗಿನ ಗಲಾಟೆ ನಿಲ್ಲುತ್ತದಂತೆ. ಸಂಧ್ಯಾವಂದನೆಯಲ್ಲಿ ಎಷ್ಟೋ ವರ್ಷ ಹುಡುಕಿ ಸಿಗದಿದ್ದದ್ದು ಅಲ್ಲಿ ಸಿಕ್ಕಿತೆಂದು ಒಮ್ಮೆ ಹೇಳಿ, ಹೆಂಡತಿ ಇದ್ದ ಅಡುಗೆಮನೆಯ ಕಡೆ ತಿರುಗಿ ನೋಡಿ, ಇದನ್ನು ಆಂಟಿಗೆ ಹೇಳಬೇಡ ಎಂದರು.

ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಚಿಪ್ಪುಗಳನ್ನು ಆರಿಸಿ ತಂದು, ಗ್ಯಾರೇಜಿನಲ್ಲಿ ತೊಳೆದು, ಹೊಸ ಮದ್ದು ಮತ್ತು ಗುಂಡು ತುಂಬಿ ಮತ್ತೆ ತೋಟಾ ಮಾಡಿಕೊಳ್ಳುತ್ತಿದ್ದರು. ಇದರ ಉದ್ದೇಶ ಉಳಿತಾಯ. ಅಂಗಡಿಯ ತೋಟಾ ದುಬಾರಿ, ಕೈಯಲ್ಲಿ ತುಂಬಿದ್ದು ಅಗ್ಗ. ಆದರೆ ತುಂಬುವ ಸಾಮಾನನ್ನು ದೂರದ ರಾಜ್ಯಗಳಿಂದ ಆನ್‌ಲೈನಿನಲ್ಲಿ ತರಿಸಬೇಕು. ಸೀಸ ಭಾರ, ಹಾಗಾಗಿ ಭಾರದ ದರ. ಮದ್ದು ಹಗುರ, ಆದರೆ ಅಪಾಯದ ಸಾಮಾನು; ಹಾಗಾಗಿ ಅದಕ್ಕೆ ಸಾಗಣೆಯ ಮೇಲೆ ಇನ್ನೊಂದು ಶುಲ್ಕ. ಹ್ಯಾಜ್‌ಮ್ಯಾಟ್ ಚಾರ್ಜು ಎಂದು ಅದಕ್ಕೆ ಹೆಸರು. ಒಂದೇ ಬಾಟಲಿ ತರಿಸಿದರೂ ಅಷ್ಟೇ, ಪೆಟ್ಟಿಗೆ ತುಂಬ ತರಿಸಿದರೂ ಅಷ್ಟೇ. ಒಂದೇ ಬಾಟಲಿ ತರಿಸಿದವನಿಗೆ ಕೆಲವು ಸಲ ಮದ್ದಿಗಿಂತ ಚಾರ್ಜೇ ಹೆಚ್ಚಾಗುತ್ತಿತ್ತು.

"ಇದು ನ್ಯಾಯವಾ? ನೀನೇ ಹೇಳು," ಎಂದು ಅವರು ಬೇಲಿಯ ಆಚೆಯಿಂದ ಕೇಳುತ್ತಿದ್ದರು. ನಾನು ಗಿಡಕ್ಕೆ ನೀರು ಹಾಕುತ್ತಿರಲಿ, ಕಸದ ಡಬ್ಬಿ ತಳ್ಳುತ್ತಿರಲಿ, ಆಫೀಸಿನ ಮೀಟಿಂಗಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿರಲಿ.

"ಅಂಕಲ್, ಪೆಟ್ಟಿಗೆ ಬೇರೆ, ಲೇಬಲ್ ಬೇರೆ, ಟ್ರೈನಿಂಗ್ ಆದವರೇ ಪ್ಯಾಕ್ ಮಾಡ್ಬೇಕು. ಅದಕ್ಕೆಲ್ಲ ಖರ್ಚಿರತ್ತೆ."

"ಒಂದು ಬಾಟ್ಲಿಗೂ ಅದೇ ಲೇಬಲ್ಲು, ಹತ್ತು ಬಾಟ್ಲಿಗೂ ಅದೇ ಲೇಬಲ್ಲಾ?"

"ಹೌದು."

"ಮತ್ತೆ ಹತ್ತೇ ತರಿಸಬೇಕು, ಅಲ್ವಾ?"

ಅವರ ಉಳಿತಾಯ ಬೆಳೆದದ್ದು ಈ ತರ್ಕದ ಮೇಲೆ. ಚಾರ್ಜು ದಂಡವಾಗಬಾರದೆಂದು ಬೇಕಿದ್ದಕ್ಕಿಂತ ಹೆಚ್ಚು ತರಿಸುವರು. ತರಿಸಿದ್ದು ಮುಗಿಯಲೆಂದು ಹೆಚ್ಚು ಹೊಡೆಯುವರು. ಹೊಡೆದದ್ದಕ್ಕೆ ಚಿಪ್ಪು ಜಾಸ್ತಿಯಾಗಿ, ಅದಕ್ಕೆ ತುಂಬಲು ಮತ್ತೆ ತರಿಸುವರು. ಗಿರಾಕಿ ಸೇವೆಯವರಿಗೆ 'ಮಾನ್ಯರೇ' ಎಂದು ಶುರುವಾಗುವ ಎರಡು ಪುಟದ ಇಂಗ್ಲಿಷ್ ಪತ್ರಗಳನ್ನು ಬರೆಯುವರು. ಒಮ್ಮೆ ಅಲ್ಲಿಂದ ಯಾರೋ ಪುಣ್ಯಾತ್ಮರು ಮರುಗಿ ಉಚಿತ ಸಾಗಣೆಯ ಕೂಪನ್ ಕಳಿಸಿದರು. ಅವರು ಅದನ್ನು ನನಗೆ ತೋರಿಸಲು ಓಡಿಬಂದರು. ಅಪಾಯಕಾರಿ ಸಾಮಾನಿಗೆ ಇದು ಅನ್ವಯಿಸುವುದಿಲ್ಲ ಎಂಬ ಕೊನೆಯ ಸಣ್ಣಕ್ಷರದ ಸಾಲನ್ನು ಓದಿ ಹೇಳುವ ಪಾಪ ನನ್ನ ಪಾಲಿಗೆ ಬಂತು.

ಗ್ಯಾರೇಜಿನಿಂದ ಒಳಗೆ ಬರುವ ಮೊದಲು ಅವರು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳಬೇಕು, ಬಟ್ಟೆ ಬದಲಿಸಬೇಕು. ಇದು ಆಂಟಿಯ ಕಾನೂನು. ಸೀಸದ ವಿಷಕ್ಕಾಗಿ ವೈದ್ಯರು ಹೇಳಿದ ನಿಯಮವೂ ಅದೇ ಆಗಿತ್ತು. ಆದರೆ ಆಂಟಿ ಅದನ್ನು ಮಡಿ ಎಂದೇ ಕರೆಯುತ್ತಿದ್ದರು. "ನಮ್ಮ ಮನೆಯಲ್ಲಿ ಮಡಿ ಉಳಿದದ್ದು ಈ ಕೋವಿಯಿಂದ," ಎಂದು ಒಮ್ಮೆ ದೋಸೆ ಮಗುಚುತ್ತಾ ಹೇಳಿದ್ದರು, ನಗದೆ.

ಹ್ಯಾಜ್‌ಮ್ಯಾಟ್ ಚಾರ್ಜಿಗೆ ಪಾಲುದಾರನೊಬ್ಬ ಸಿಕ್ಕಿದ್ದು ಗುರಿ ಹೊಡೆಯುವ ಮೈದಾನದ ಕೌಂಟರಿನಲ್ಲಿ. ಮುಂದೆ ನಿಂತಿದ್ದ ಅಮೆರಿಕನ್ ಮುದುಕ ಸಾಗಣೆ ದರದ ಬಗ್ಗೆ ಅಲ್ಲಿನ ನೌಕರನಿಗೆ ಬೈಯುತ್ತಿದ್ದನಂತೆ. ನಮ್ಮ ಅಂಕಲ್ ಹಿಂದಿನಿಂದ ಬೈಗುಳ ಸೇರಿಸಿದರು. ಆತ ಲಾಸ್ ಗ್ಯಾಟೋಸ್‌ನ ಆಚೆ ಬೆಟ್ಟದ ಮೇಲೆ ಒಂಟಿಯಾಗಿ ಇರುವವನು, ಲೇತ್ ಮೆಷಿನ್ನಿನ ಕೆಲಸದಿಂದ ನಿವೃತ್ತ, ಹೆಂಡತಿ ತೀರಿಕೊಂಡಿದ್ದಳು. ಇವರಿಗಿಂತ ಹತ್ತು ವರ್ಷ ದೊಡ್ಡವನು. ಇವರ ಬಾಯಲ್ಲಿ ಆತ 'ಬೆಟ್ಟದವ'. ಎರಡು ತಿಂಗಳಿಗೊಮ್ಮೆ ಇಬ್ಬರ ಸಾಮಾನೂ ಒಂದೇ ಆರ್ಡರಿನಲ್ಲಿ ಇವರ ಮನೆಗೆ ಬರುವುದು, ಚಾರ್ಜು ಅರ್ಧ ಅರ್ಧ, ಆತನ ಪಾಲನ್ನು ಇವರು ಗುರುವಾರ ಕಾರಿನಲ್ಲಿ ಒಯ್ದು ಕೊಡುವುದು. ಹೀಗೆ ಒಪ್ಪಂದ ಆಯಿತು.

"ಅಂಕಲ್, ಬೆಟ್ಟಕ್ಕೆ ಹೋಗಿ ಬರೋ ಪೆಟ್ರೋಲಿಗೇ ನಿಮಗೆ ಉಳಿದಿದ್ದು ಹೋಗತ್ತಲ್ಲ," ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಪೆಟ್ರೋಲು ಬೇರೆ, ಶಿಪ್ಪಿಂಗು ಬೇರೆ ಮಾರಾಯ್ತಿ. ನೀನು ಈ ಲೈನಿನಲ್ಲಿ ಇದ್ದೂ ಗೊತ್ತಾಗುದಿಲ್ವಾ?"

ಸಾಮಾನು ಇಲ್ಲದ ಗುರುವಾರಗಳಲ್ಲೂ ಅವರು ಹೋಗುತ್ತಿದ್ದರು: ಮುಂದಿನ ಆರ್ಡರಿನ ಬಗ್ಗೆ ಚರ್ಚಿಸಬೇಕು ಎನ್ನುವುದು ಕಾರಣ. ವರಾಂಡದಲ್ಲಿ ಕುಳಿತು ಯಾವ ಅಂಗಡಿಯವನು ಹೆಚ್ಚು ಕಳ್ಳ ಎಂದು ನಿರ್ಧರಿಸುವುದು, ಹಾಲಿಲ್ಲದ ಕಾಫಿ ಕುಡಿಯುವುದು. "ಒಳ್ಳೆಯವ ಅವ. ಒಂದೇ ಒಂದು, ಮಾತಾಡುವಾಗ ಮುಖ ನೋಡುದಿಲ್ಲ. ಪಕ್ಕಕ್ಕೆ ಎಲ್ಲೋ ನೋಡ್ತಾನೆ. ಅಮೆರಿಕದವರಿಗೆ ನಾಚಿಕೆ ಇಲ್ಲ ಅಂತಾರೆ, ಇವನಿಗೆ ಉಂಟು ನೋಡು," ಎಂದಿದ್ದರು. ಆತ ಮೈದಾನಕ್ಕೆ ಬರುವುದು ನಿಂತು ಬಹಳ ಕಾಲ ಆಗಿತ್ತು. ಬೆಟ್ಟದ ಆ ಕಡೆ ಬೇರೆ ಮೈದಾನ ಉಂಟು, ಅಲ್ಲಿಗೆ ಹೋಗುತ್ತೇನೆ ಎಂದು ಹೇಳಿದ್ದನಂತೆ.

ನಮ್ಮಲ್ಲಿಂದ ಕಾರಿನಲ್ಲಿ ಮುಕ್ಕಾಲು ಗಂಟೆ ದೂರದ ಡಬ್ಲಿನ್ ಎಂಬ ಊರಿನಲ್ಲಿರುವ ಮಗಳಿಗೆ ಮಗುವಾದಾಗ ಈ ವ್ಯವಸ್ಥೆ ಅಲುಗಾಡಿತು. ಮಗಳು ಇಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಆ ಉತ್ತರ ಸಾಮಾನ್ಯವಾಗಿ ಇಲ್ಲ ಎಂದೇ ಇರುತ್ತಿತ್ತು. ಮಗುವಿಗೆ ಮೂರು ತಿಂಗಳಾದಾಗ ಅಜ್ಜನ ಮನೆಗೆ ಕರೆತರುವ ಮಾತು ಬಂತು. ಗ್ಯಾರೇಜಿನಲ್ಲಿ ಮದ್ದು ಇರುವವರೆಗೆ ಬರುವುದಿಲ್ಲ ಎಂದಳು. ಅವರು ಬೀಗದ ಕಪಾಟಿನ ಫೋಟೋ ಕಳಿಸಿದರು. ಅಗ್ನಿಶಾಮಕ ಇಲಾಖೆಯ ನಿಯಮದ ಪುಟ ಕಳಿಸಿದರು. ಕಾರಿನ ಪೆಟ್ರೋಲ್ ಟ್ಯಾಂಕು ಇದಕ್ಕಿಂತ ಅಪಾಯ ಎಂದು ವಾದಿಸಿದರು.

"ಅಪ್ಪಾ, ದಿಸ್ ಈಸ್ ನಾಟ್ ಅ ಡಿಸ್ಕಷನ್," ಎಂದಳು ಫೋನಿನಲ್ಲಿ. ಸ್ಪೀಕರಿನಲ್ಲಿತ್ತು, ನಾನೂ ಅಲ್ಲೇ ಇದ್ದೆ.

ಆಂಟಿ ಬಾಣಂತನಕ್ಕೆ ಹೋದವರು ಡಬ್ಲಿನ್‌ನಲ್ಲೇ ಉಳಿದರು. ಇವರು ವಾರಕ್ಕೊಮ್ಮೆ ಹೋಗಿ, ಕೈ ತೊಳೆದ ಪ್ರಮಾಣಪತ್ರ ಕೊಡುವವರ ಹಾಗೆ ಮಗಳಿಗೆ ಅಂಗೈ ತೋರಿಸಿ, ಒಂದು ಗಂಟೆ ಮಗುವನ್ನು ಎತ್ತಿಕೊಂಡು ಬರುತ್ತಿದ್ದರು. ಬಂದು ತಾವೇ ಬೇಯಿಸಿದ ಗಂಜಿ ಉಣ್ಣುವರು. ನಾನು ಸಾರು ಕೊಟ್ಟರೆ ಬೇಡ ಎನ್ನುವರು. ಎರಡು ತಿಂಗಳು ಹೀಗೆ ನಡೆಯಿತು. ಒಂದು ಶುಕ್ರವಾರ ಆಂಟಿ ಬಟ್ಟೆ ಒಯ್ಯಲು ಬಂದವರು ಬಾಗಿಲಲ್ಲೇ ನಿಂತು, "ಮಗು ಬೋರಲು ಬಿತ್ತು," ಎಂದಷ್ಟೇ ಹೇಳಿ ಹೊರಟುಹೋದರಂತೆ. ಜಗಳ ಆಡಿದ್ದರೆ ಗೆಲ್ಲಬಹುದಿತ್ತು ಎಂದು ಆಮೇಲೆ ಅವರೇ ನನಗೆ ಹೇಳಿದರು.

ಮರುದಿನ ಬೆಳಿಗ್ಗೆ ಬೇಲಿಯ ಹತ್ತಿರ ನಿಂತಿದ್ದರು. ಗಡ್ಡ ಬೋಳಿಸಿರಲಿಲ್ಲ.

"ನಾಳೆಯೇ ಎಲ್ಲ ಕಳಿಸಿಬಿಡ್ತೇನೆ. ಬೆಟ್ಟದವ ಇಟ್ಟುಕೊಳ್ಳಲಿ. ನೀನು ನೋಡಿ ಹೇಳು, ಕಳಿಸ್ಲಿಕ್ಕೆ ಎಷ್ಟಾಗ್ತದೆ?"

"ಅಂಕಲ್, ಮದ್ದು ನೀವು ಕಳಿಸೋಕಾಗಲ್ಲ. ಲೈಸೆನ್ಸ್ ಇರೋ ವ್ಯಾಪಾರಿಗಳು ಮಾತ್ರ ಕಳಿಸಬಹುದು. ನಿಮ್ಮ ಹತ್ರ ಯಾವ ಕೊರಿಯರಿನವರೂ ತಗೊಳಲ್ಲ."

"ಚಾರ್ಜು ಕೊಡ್ತೇನೆ ಅಂದ್ರೂ?"

"ಎಷ್ಟು ಕೊಟ್ಟರೂ."

ಹ್ಯಾಜ್‌ಮ್ಯಾಟ್ ಚಾರ್ಜನ್ನು ಕೊಡುತ್ತೇನೆಂದು ಅವರು ತಾವಾಗಿ ಬಾಯಿಬಿಟ್ಟದ್ದು ಅದೇ ಮೊದಲು, ತೆಗೆದುಕೊಳ್ಳುವವರು ಇರಲಿಲ್ಲ. "ಬರುವಾಗ ಬರ್ತದೆ, ಹೋಗ್ಲಿಕ್ಕೆ ಆಗುದಿಲ್ವಾ?" ಎಂದರು. ದೂರು ಹೇಳಿದ ಹಾಗಿರಲಿಲ್ಲ, ಮಗುವಿನ ಹಾಗೆ ಕೇಳಿದರು.

ಕಾರಿನಲ್ಲಿ ಒಂದು ಸಲಕ್ಕೆ ಇಷ್ಟೇ ಒಯ್ಯಬಹುದೆಂಬ ನಿಯಮವನ್ನು ಓದಿಕೊಂಡರು. ಹಾಗಾಗಿ ಕಂತಿನಲ್ಲಿ ಸಾಗಿಸುವುದೆಂದಾಯಿತು. ಮೊದಲ ಕಂತಿಗೆ ನಾನು ನನ್ನ ಕಾರು ತೆಗೆದೆ. ಅದರ ಡಿಕ್ಕಿ ದೊಡ್ಡದು. ಬೆಟ್ಟದವನಿಗೆ ಮುಂಚೆ ಫೋನು ಮಾಡಲಿಲ್ಲ. ಪುಕ್ಕಟೆ ಸಾಮಾನು ಕಂಡು ಆತನ ಮುಖ ಹೇಗಾಗುತ್ತದೆಂದು ನೋಡಬೇಕಿತ್ತಂತೆ.

ಬೆಟ್ಟದ ರಸ್ತೆಯ ತಿರುವುಗಳಲ್ಲಿ ನಾನು ಬ್ರೇಕು ಒತ್ತಿದಾಗೆಲ್ಲ ಅವರು ಹಿಂದಕ್ಕೆ ತಿರುಗಿ ಡಿಕ್ಕಿಯ ಕಡೆ ನೋಡುತ್ತಿದ್ದರು. ಆತನ ಮನೆ ರೆಡ್‌ವುಡ್ ಮರಗಳ ಸಂದಿಯಲ್ಲಿತ್ತು. ಮುದುಕ ಹೊರಗೆ ಬಂದ. ಇವರು ವಿಷಯ ಹೇಳುತ್ತಲೇ ಗ್ಯಾರೇಜಿನ ಬಾಗಿಲಿಗೆ ಕೈ ಹಾಕಿದರು.

"ಅಲ್ಲಿ ಬೇಡ. ವರಾಂಡದಲ್ಲಿಡು," ಎಂದ ಆತ, ಇಂಗ್ಲಿಷಿನಲ್ಲಿ, ಸ್ವಲ್ಪ ಗಟ್ಟಿಯಾಗಿ.

ಅಷ್ಟರಲ್ಲಿ ಬಾಗಿಲು ಮೇಲೆದ್ದಿತ್ತು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು. ಅಂಕಲ್ ಅರ್ಧ ಪಾಲು ಬೇರೆ ಮಾಡಿ, ಕಪ್ಪು ಮಾರ್ಕರಿನಲ್ಲಿ ತಿಂಗಳ ಹೆಸರು ಬರೆದು, ಟೇಪು ಸುತ್ತಿ ಕೊಟ್ಟ ಪೆಟ್ಟಿಗೆಗಳು. ಮೂರು ವರ್ಷದವು. ಒಂದರ ಟೇಪೂ ಬಿಚ್ಚಿರಲಿಲ್ಲ.

ಮುದುಕ ತನ್ನ ಕಣ್ಣಿನ ಕಡೆ ಬೆರಳು ತೋರಿಸಿದ. ನಡುವೆ ಎಲ್ಲ ಮಬ್ಬು, ಅಂಚಿನಲ್ಲಿ ಮಾತ್ರ ಕಾಣುತ್ತದೆ ಎಂದ. ಕೋವಿಗಳನ್ನು ಮಾರಿ ಮೂರು ವರ್ಷ ಆಗಿತ್ತು. ಕಾರನ್ನೂ.

"ಮತ್ತೆ ಯಾಕೆ ತರಿಸುತ್ತಿದ್ದೆ?" ಇವರ ದನಿ ಏರಿತು. "ಪ್ರತಿ ಸಲ ಹ್ಯಾಜ್‌ಮ್ಯಾಟ್ ಕೊಟ್ಟೆಯಲ್ಲ ನೀನು!"

"ಅರ್ಧ," ಎಂದ ಮುದುಕ. "ನಾನು ಬೇಡ ಅಂದರೆ ನೀನು ಅರ್ಧ ಕೊಡುವವನು ಬೇರೆ ಯಾರನ್ನಾದರೂ ಹುಡುಕಿಕೊಳ್ಳುತ್ತಿದ್ದೆ."

ಅಂಕಲ್, ಒಪ್ಪಂದದ ಪ್ರಕಾರ ನಡೆಯುವವರ ಹಾಗೆ, ತಂದ ಪೆಟ್ಟಿಗೆಗಳನ್ನು ಆ ಸಾಲಿನ ಪಕ್ಕದಲ್ಲೇ ಒಂದೊಂದಾಗಿ ಇಟ್ಟರು. ಇಳಿದು ಬರುವಾಗ ಲಾಸ್ ಗ್ಯಾಟೋಸ್ ಬರುವವರೆಗೂ ಕಿಟಕಿಯಾಚೆ ನೋಡುತ್ತಿದ್ದರು. ಊರೊಳಗಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಹೇಳಿದರು:

"ಹಾಗಾದ್ರೆ ಅವ ಮೂರು ವರ್ಷ ದುಡ್ಡು ಕೊಟ್ಟದ್ದು ನನ್ನ ಡೆಲಿವರಿಗೆ."

ನಾನು ನಕ್ಕೆ. ಅವರು ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

ಅವರು ಅವರೇ ಆದ್ದರಿಂದ ಅಲ್ಲಿಗೆ ಮುಗಿಯಲಿಲ್ಲ. ಮೂರು ವರ್ಷ ಮುದುಕ ಕೊಟ್ಟಿದ್ದ ಅರ್ಧ ಪಾಲಿನ ಚಾರ್ಜನ್ನು ಹಿಂತಿರುಗಿಸಬೇಕೆಂದು ಚೆಕ್ಕು ಬರೆದು ಅಂಚೆಗೆ ಹಾಕಿದರು. ಆತ ಅದನ್ನು ಹರಿಯದೆ ಹೊಸ ಲಕೋಟೆಯಲ್ಲಿ ಹಿಂದಕ್ಕೆ ಕಳಿಸಿದ. ಇವರು ಮತ್ತೆ ಕಳಿಸಿದರು. ಚೆಕ್ಕು ಹೀಗೆ ಬೆಟ್ಟ ಹತ್ತಿ ಇಳಿದು ಮಾಡುತ್ತಿದ್ದಾಗಲೂ ಗುರುವಾರಗಳಂದು ಇಬ್ಬರೂ ವರಾಂಡದಲ್ಲಿ ಎದುರೆದುರು ಕುಳಿತು ಕಾಫಿ ಕುಡಿಯುತ್ತಿದ್ದರು. ಕೈಯಲ್ಲೇ ಕೊಡಬಹುದಲ್ಲ ಎಂದರೆ, "ಕೈಯಲ್ಲಿ ಕೊಟ್ರೆ ಜಗಳ ಆಗ್ತದೆ," ಎನ್ನುವರು. ಅಂಚೆ ಚೀಟಿಯ ಬೆಲೆಯ ಬಗ್ಗೆ ಒಂದು ಹೊಸ ದೂರು ಶುರುವಾಯಿತು.

ಕೊನೆಗೆ ಎರಡೂ ಮನೆಯ ಮದ್ದನ್ನು ಮೈದಾನದ ತರಬೇತುದಾರನೊಬ್ಬ ಬಂದು ನೋಡಿ, ಕೆಲವು ಕಂತುಗಳಲ್ಲಿ ಒಯ್ದ. ಮರುವಾರ ಆಂಟಿಯ ಜೊತೆ ಮೊಮ್ಮಗಳು ಬಂದಳು. ಗ್ಯಾರೇಜನ್ನು ಮೂರು ಸಲ ತೊಳೆದು, ನೆಲಕ್ಕೆ ಹೊಸ ರಬ್ಬರ್ ಹಾಸು ಹಾಸಿದ್ದರು. ಮಗಳು ಮೂಲೆಮೂಲೆ ನೋಡಿ, "ಓಕೆ, ಅಪ್ಪಾ," ಎಂದಳು. ಅವರು ಅದನ್ನು ವರ್ಷಾಂತ್ಯದ ಕೆಲಸದ ವರದಿಯಲ್ಲಿ ಒಳ್ಳೆಯ ಷರಾ ಬಂದವರ ಹಾಗೆ ಸ್ವೀಕರಿಸಿದರು. ಕೋವಿ ಮಾತ್ರ ಮೈದಾನದವರ ಬೀಗದ ಕಪಾಟಿನಲ್ಲಿತ್ತು. ಅಂಗಡಿಯ ತೋಟಾವನ್ನೇ ಕೊಂಡು ತಿಂಗಳಿಗೊಮ್ಮೆ ಹೊಡೆಯುತ್ತಿದ್ದರು. ಒಟ್ಟು ಖರ್ಚು ಮೊದಲಿಗಿಂತ ಎಷ್ಟೋ ಕಡಿಮೆಯಾಯಿತು. ಇದನ್ನು ನಾನು ಎತ್ತಿ ಆಡಲಿಲ್ಲ. ಅವರೂ ಆಡಲಿಲ್ಲ.

ಈ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ, ಶೂ ಲೇಸು ಕಟ್ಟಲು ಕುಳಿತವರು ಏಳಲಿಲ್ಲ. ಆಂಬುಲೆನ್ಸ್ ಬೇಗನೆ ಬಂತು, ಏನೂ ಪ್ರಯೋಜನವಾಗಲಿಲ್ಲ. ಮಗಳು ಎಲ್ಲರಿಗೂ ಮೆಸೇಜು ಕಳಿಸಿದಳು. ಮನೆ ತುಂಬ ಜನ, ಒಲೆಯ ಮೇಲೆ ಯಾರ್ಯಾರೋ ತಂದ ಪಾತ್ರೆಗಳು. ಬುಧವಾರ ಮಧ್ಯಾಹ್ನ ಆಂಟಿ ನನ್ನನ್ನು ಗ್ಯಾರೇಜಿನ ಬಾಗಿಲ ಹತ್ತಿರ ಕರೆದರು.

"ಬೆಟ್ಟದವನಿಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಮಗಳ ಪಟ್ಟಿಯಲ್ಲಿ ಆತ ಇರಲಿಲ್ಲ. ಫೋನು ಮಾಡಿದರೆ ಆತ ಎತ್ತುವುದಿಲ್ಲ. ಎತ್ತಬೇಕಾದರೆ ಯಾರದೆಂದು ನೋಡಬೇಕಲ್ಲ.

"ನಾಳೆ ಗುರುವಾರ," ಎಂದರು ಆಂಟಿ. "ಕಾಯ್ತಾನೆ ಅವ."

ಈ ದೇಶಕ್ಕೆ ಬಂದಾಗಿನಿಂದ ಆಂಟಿ ಆ ಬೆಟ್ಟದ ರಸ್ತೆಯಲ್ಲಿ ಹೋದವರಲ್ಲ. ತಿರುವುಗಳಲ್ಲಿ ಅವರಿಗೆ ತಲೆ ಸುತ್ತುತ್ತದೆ. ಮರುದಿನ ನನ್ನ ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕುಳಿತು, ಹೇಳಬೇಕಾದ ಇಂಗ್ಲಿಷ್ ವಾಕ್ಯವನ್ನು ತುಟಿಯಲ್ಲೇ ಬಾಯಿಪಾಠ ಮಾಡಿಕೊಂಡರು. ಮೇಲೆ ಚಳಿ ಇರುತ್ತದೆಂದು ಸೀರೆಯ ಮೇಲೆ ಅಂಕಲ್ಲಿನ ದಪ್ಪ ಹಸಿರು ಜಾಕೆಟ್ಟು ಹಾಕಿಕೊಂಡಿದ್ದರು. ತೋಳು ಉದ್ದವಾಗಿ ಬೆರಳುಗಳೂ ಕಾಣುತ್ತಿರಲಿಲ್ಲ.

ಮುದುಕ ವರಾಂಡದ ಬೆಂಚಿನ ಮೇಲಿದ್ದ. ನಾನು ಕಾರು ನಿಲ್ಲಿಸುವುದರೊಳಗೆ ಆಂಟಿ ಇಳಿದು ಮುಂದೆ ಹೋದರು. ಆತ ಅವರತ್ತ ಅರ್ಧ ತಿರುಗಿ, "ತಡ ಮಾಡಿದೆ. ಕಾಫಿ ಎರಡು ಸಲ ಬಿಸಿ ಮಾಡಿದೆ," ಎಂದ.

ಆಂಟಿ ಮೆಟ್ಟಿಲ ಮೇಲೇ ನಿಂತುಬಿಟ್ಟರು. ಬಾಯಿಪಾಠ ಮಾಡಿದ ವಾಕ್ಯ ಬರಲಿಲ್ಲ. "ಟ್ರಾಫಿಕ್," ಎಂದರು, ಸಣ್ಣ ದನಿಯಲ್ಲಿ.

ಹೆಂಗಸಿನ ದನಿ ಕೇಳಿ ಆತ ಮುಖವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿದ. ಕಣ್ಣಂಚಿನಿಂದ ಜಾಕೆಟ್ಟನ್ನು ನೋಡಿದ, ಅದರ ಕೆಳಗಿನ ಸೀರೆಯನ್ನು ನೋಡಿದ. ಹಿಂದೆ ಬಂದ ನನ್ನನ್ನು ನೋಡಿದ. ಕಾರಿನಿಂದ ಮೂರನೆಯ ಬಾಗಿಲಿನ ಸದ್ದು ಬರುವುದೇನೋ ಎಂದು ಸ್ವಲ್ಪ ಹೊತ್ತು ಕಿವಿಗೊಟ್ಟ.

"ಯಾವತ್ತು?" ಎಂದ.

"ಸಂಡೇ," ಎಂದರು ಆಂಟಿ.

ಆತ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದ. ಬಹಳ ಹೊತ್ತು ಬರಲಿಲ್ಲ. ಆಂಟಿ ಬೆಂಚಿನ ಮೇಲೆ ಕುಳಿತರು. ಬಂದಾಗ ಆತನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮೂರು ಕಪ್ಪು ಕಾಫಿ, ಸ್ವಲ್ಪ ಚೆಲ್ಲಿತ್ತು. ಆಂಟಿ ಹೊರಗೆ ಎಲ್ಲೂ ನೀರನ್ನು ಸಹ ಕುಡಿಯುವವರಲ್ಲ. ಜಾಕೆಟ್ಟಿನ ತೋಳು ಮಡಚಿ, ಎರಡೂ ಕೈಯಲ್ಲಿ ಕಪ್ಪು ಹಿಡಿದು, ಆ ಕಹಿಯನ್ನು ತಳದವರೆಗೆ ಕುಡಿದರು.

"ಇನ್ನೂ ಸ್ವಲ್ಪ?" ಎಂದ ಮುದುಕ.

ಆಂಟಿ ಕಪ್ಪನ್ನು ಮುಂದಕ್ಕೆ ಹಿಡಿದರು.